ಸಿರೆಗೆ ತೊಡಿಸಿದ ಉಂಗುರ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಮನೆಗೆ ಬಂದ ಅತಿಥಿಗೆ ಬೆಲ್ಲ ನೀರು ಕೊಟ್ಟು ಉಪಚರಿಸಿದ ತರುವಾಯ ಅವನ ಮುಂದಿಡತಕ್ಕ ವಸ್ತು ಎಲೆಯಡಕೆಯ ತಟ್ಟೆ. ಕೊನೆಕೊಯ್ಲಿನ ಕಾಲ ಬಂದಿತೆಂದರೆ ಜೋಗದ ಆಸುಪಾಸಿನ ಕಣಿವೆಗಳಿಂದ ಹಿಡಿದು ಆಗುಂಬೆಯ ಅಂಚಿನವರೆಗೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರ ಮಾತುಕತೆ, ಹಂಡೆಯಲ್ಲಿ ಕುದಿಯುವ ಚೊಗರಿನ ಒಗರು ವಾಸನೆ, ಅಟ್ಟದ ಮೇಲೆ ಹರವಿದ ಬೆಂದಡಕೆಯ ಕೆಂಪು, ಇವೇ ಊರೂರಿನ ಲಕ್ಷಣಗಳಾಗುತ್ತವೆ. ಮಕ್ಕಳ ವಿದ್ಯಾಭ್ಯಾಸ, ಹೆಣ್ಣುಮಕ್ಕಳ ಮದುವೆ, ಸಂಘದ ಸಾಲದ ಕಂತು ಯಾವುದೇ ಇರಲಿ, ಎಲ್ಲವೂ ರಾಶಿ, ಬೆಟ್ಟೆ ಎಂಬ ಅಡಕೆಗಳ ಧಾರಣೆಯನ್ನು ನೋಡಿಕೊಂಡೇ ನಡೆಯತಕ್ಕವು. ಇಂಥ ನಾಡಿನಲ್ಲಿ ನಿಂತು ಅಡಕೆಯ ವಿಷಯವಾಗಿ ಕಟುವಾದ ಮಾತನ್ನಾಡುವುದು ಸುಲಭವಲ್ಲ. ಆದರೂ ಆಡದೆ ಇರುವುದು ಧರ್ಮವಲ್ಲ. ಹೊಗೆಸೊಪ್ಪು ಬೆರೆತ ಎಲೆಯಡಕೆಯ ಕವಳವು ಕ್ಯಾನ್ಸರಿಗೆ ಕಾರಣವೆಂಬ ನಿರ್ಣಯವನ್ನು 1985ರಲ್ಲಿಯೇ ಕೊಟ್ಟಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು, 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ ಬರಿಯ ಅಡಕೆಯನ್ನೂ ಕ್ಯಾನ್ಸರಿಗೆ ಕಾರಣವೆಂದು ಖಚಿತವಾದ ವಸ್ತುಗಳ ಅದೇ ಮೊದಲನೆಯ ವರ್ಗಕ್ಕೆ ಸೇರಿಸಿತು.

ಅಡಕೆ ಮೆಲ್ಲುವವರ ಕೆನ್ನೆಯ ಒಳಚರ್ಮ ಬಿಳಿಚಿ, ಬಿಗಿದು, ನಾರುನಾರಾಗಿ, ಬಾಯಿ ದಿನೇ ದಿನೇ ಕಡಿಮೆ ತೆರೆಯುತ್ತ ಬರುವ ವ್ಯಾಧಿಯನ್ನು 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯನು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಸ್ತ್ರೀಯರಲ್ಲಿ ಗುರುತಿಸಿದನು. ಮರುವರ್ಷ ಮುಂಬಯಿಯ ಜೋಷಿಯವರು ಅದನ್ನೇ ಇಲ್ಲಿಯ ರೋಗಿಗಳಲ್ಲಿ ಕಂಡು ವರ್ಣಿಸಿದರು. ಅಂದು ಅದು ವಯಸ್ಸಾದವರ ಅಪರೂಪದ ಕಾಹಿಲೆ ಎನಿಸಿದ್ದಿರಬಹುದು. ಪೊಟ್ಟಣದ ಗುಟ್ಕಾ ಬಂದ ಮೇಲೆ ಅದು ತರುಣರ ಬಾಯಿಗೆ ಇಳಿಯಿತು. ಕರ್ನಾಟಕ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತಾದರೂ, ಪಾನ್ ಮಸಾಲೆಯ ಪೊಟ್ಟಣವೊಂದು, ತಂಬಾಕಿನ ಪೊಟ್ಟಣವೊಂದು, ಹೀಗೆ ಎರಡನ್ನು ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವವರನ್ನು ಯಾವ ಬಸ್ಸುನಿಲ್ದಾಣದಲ್ಲಾದರೂ ಕಾಣಬಹುದು.

ಈ ಲೇಖನದ ಪ್ರಧಾನ ವಿಷಯ ಬಾಯಿಯ ಕ್ಯಾನ್ಸರಿನ ಕಾರಣವಲ್ಲ. ರೋಗವನ್ನು ಕತ್ತರಿಸಿ ತೆಗೆದ ಬಳಿಕ ಉಳಿಯುವ ಶೂನ್ಯವನ್ನು ಶಸ್ತ್ರವೈದ್ಯರು ತುಂಬುವ ಬಗೆ, ಮತ್ತು ಆ ಕಾರ್ಯದಲ್ಲಿ ಈಚೆಗೆ ಅವರ ಕೈಗೆ ಬಂದಿರುವ ಒಂದು ಅತಿ ಸಣ್ಣ ಸಾಧನ. ಬಾಯಿಯ ಕ್ಯಾನ್ಸರು ಬಲಿತಾಗ ಕೆನ್ನೆಯ ಪೂರ್ಣ ದಪ್ಪವನ್ನು, ದವಡೆಯ ಎಲುಬಿನ ಒಂದು ಪಾಲನ್ನು, ಕೆಲವೊಮ್ಮೆ ನಾಲಗೆಯ ಅರ್ಧವನ್ನೇ, ಸುತ್ತಲಿನ ನಿರೋಗಿಯಾದ ಅಂಚಿನ ಸಮೇತ ತೆಗೆಯಬೇಕಾಗುತ್ತದೆ. ಹಾಗೆ ತೆಗೆದು ಹೊಲಿದುಬಿಟ್ಟರೆ ಪ್ರಾಣ ಉಳಿಯಬಹುದು. ಆದರೆ ಗುಟುಕು ಗಂಜಿ ನುಂಗಲಾಗದ, ಸ್ವಂತ ಮಕ್ಕಳ ಹೆಸರನ್ನು ಸ್ಪಷ್ಟವಾಗಿ ಕರೆಯಲಾಗದ, ಬಾಯಿಂದ ಜೊಲ್ಲು ಸುರಿಯುವುದನ್ನು ತಡೆಯಲಾಗದ ಆ ಬದುಕು ಮನುಷ್ಯನನ್ನು ಮನೆಯ ಒಳಕೋಣೆಗೆ ನೂಕಿಬಿಡುತ್ತದೆ. ಮುಖ ಮಿಕ್ಕ ಅಂಗಗಳ ಹಾಗಲ್ಲ. ಅದನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಸಂತೆಗೆ ಹೋಗಲು ಬರುವುದಿಲ್ಲ.

ಕೆಟ್ಟ ಮುಖವನ್ನು ಅದೇ ದೇಹದ ಚರ್ಮದಿಂದ ತಿದ್ದುವ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲವೆಂಬುದಕ್ಕೆ ಸುಶ್ರುತನ ಸಂಹಿತೆ ಸಾಕ್ಷಿಯಾಗಿದೆ. ಆದರೆ ಆ ವಿದ್ಯೆಯನ್ನು ಯೂರೋಪಿಗೆ ತಿಳಿಸಿದ ಘಟನೆಗೆ ಕನ್ನಡ ನೆಲದ ಸಂಬಂಧವಿರುವುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿಕೊಂಡನು. ವರ್ಷವೊಂದು ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಬಳಿ ಇಟ್ಟಿಗೆ ಸುಡುವ ಕುಲದ ಒಬ್ಬ ಕುಶಲಿಯು ಅವನ ಹಣೆಯ ಚರ್ಮವನ್ನು ಎಬ್ಬಿಸಿ, ಹುಬ್ಬುಗಳ ನಡುವೆ ಸಣ್ಣದೊಂದು ಸೀಳು ಮಾತ್ರ ಹಾಗೆಯೇ ಅಂಟಿಕೊಂಡಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಮೂಗಾಗಿ ಕೂಡಿಸಿದನು. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ವೃತ್ತಾಂತ 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಅನುಸರಿಸಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ಮಾಡಿ ತೋರಿಸಿದನು. ಹುಬ್ಬಿನ ನಡುವೆ ಬಿಟ್ಟ ಆ ಸೀಳಿನಲ್ಲಿಯೇ ಎಲ್ಲ ರಹಸ್ಯವೂ ಇದೆ. ಅದರ ಮೂಲಕ ಹಳೆಯ ನಾಳಗಳಿಂದ ರಕ್ತ ಬರುತ್ತಲೂ ಹೋಗುತ್ತಲೂ ಇದ್ದುದರಿಂದ ಚರ್ಮ ಸಾಯಲಿಲ್ಲ. ಹೊಸ ನೆಲದಲ್ಲಿ ಅದು ಬೇರೂರಿದ ಬಳಿಕ, ಸುಮಾರು ಇಪ್ಪತ್ತೈದನೆಯ ದಿನ, ಆ ಸೀಳನ್ನು ಕಡಿದರು.

ಇದೇ ತತ್ತ್ವದ ಮೇಲೆ ಎದೆಯ ಸ್ನಾಯುವನ್ನು ಚರ್ಮದೊಡನೆ ಎಬ್ಬಿಸಿ, ಕೊರಳಿನ ಚರ್ಮದಡಿಯಲ್ಲಿ ತೂರಿಸಿ ಬಾಯಿಗೆ ತರುವ ಕ್ರಮವನ್ನು ಅಮೆರಿಕದ ಏರಿಯಾನ್ 1979ರಲ್ಲಿ ಪ್ರಚಾರಕ್ಕೆ ತಂದರು. ಇಂದಿಗೂ ನಮ್ಮ ದೇಶದಲ್ಲಿ ಅಸಂಖ್ಯ ರೋಗಿಗಳನ್ನು ಕಾಯುತ್ತಿರುವ ಈ ಕ್ರಮವನ್ನು ಲಘುವಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ ಬುಡ ಕಡಿಯದೆ ತಿರುಗಿಸಿದ ಅಂಗಾಂಶವು ತನ್ನ ಬುಡ ಎಟುಕಿಸಿದಷ್ಟೇ ದೂರ ಹೋಗಬಲ್ಲದು. ಎದೆಯ ದಪ್ಪ ಸ್ನಾಯು ನಾಲಗೆಯ ನವುರಾದ ಕೆಲಸಕ್ಕೆ ಒದಗದು. ಹೋದ ದವಡೆಯ ಎಲುಬಿಗೆ ಅದು ಎಲುಬನ್ನು ಕೊಡಲಾರದು. ಬೇಕಾದ ವಸ್ತು ಮುಂಗೈಯಲ್ಲಿದೆ, ತೊಡೆಯಲ್ಲಿದೆ, ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ತೆಳುವಾದ ಎಲುಬಿನಲ್ಲಿದೆ. ಅಲ್ಲಿಂದ ಬಾಯಿಯವರೆಗೆ ಬುಡವನ್ನು ಎಳೆದು ತರುವಂತಿಲ್ಲ. ಕಡಿಯಲೇಬೇಕು, ಕಡಿದ ಮೇಲೆ ಕೊರಳಿನ ನಾಳಗಳಿಗೆ ಮತ್ತೆ ಕೂಡಿಸಲೇಬೇಕು. ಹೀಗೆ ಪೂರ್ಣವಾಗಿ ಬೇರ್ಪಡಿಸಿ ಸಾಗಿಸಿದ ಅಂಗಾಂಶಕ್ಕೆ ಆಸ್ಪತ್ರೆಯ ಮಾತಿನಲ್ಲಿ ‘ಫ್ರೀ ಫ್ಲಾಪ್’ ಎನ್ನುತ್ತಾರೆ. ಕಾಲಿನ ಎಲುಬನ್ನು ಅದರ ರಕ್ತನಾಳಗಳ ಸಮೇತ ಸ್ಥಳಾಂತರಿಸುವುದನ್ನು ಆಸ್ಟ್ರೇಲಿಯದ ಟೇಲರ್ 1975ರಲ್ಲಿ ವರದಿ ಮಾಡಿದರು. ಮುಂಗೈಯ ತೆಳುವಾದ ಚರ್ಮವನ್ನು ಚೀನದ ಯಾಂಗ್ ಗುವೊಫಾನರು 1981ರಲ್ಲಿ ಜಗತ್ತಿನ ಮುಂದಿಟ್ಟರು. ಕಾಲಿನ ಎಲುಬನ್ನು ಅಲ್ಲಲ್ಲಿ ಕತ್ತರಿಸಿ ಬಾಗಿಸಿ ಕೆಳದವಡೆಯ ಆಕೃತಿಗೆ ತರಬಹುದೆಂದು ನ್ಯೂಯಾರ್ಕಿನ ಹಿಡಾಲ್ಗೊ 1989ರಲ್ಲಿ ತೋರಿಸಿದರು. ಆ ಎಲುಬನ್ನು ಕೊಟ್ಟ ಮೇಲೂ ಮನುಷ್ಯನು ನಡೆಯಬಲ್ಲನು, ಏಕೆಂದರೆ ದೇಹದ ಭಾರವನ್ನು ಹೊರುವುದು ಅದರ ಪಕ್ಕದ ದೊಡ್ಡ ಎಲುಬು.

ಆದರೆ ಕೂಡಿಸಬೇಕಾದ ನಾಳಗಳ ವ್ಯಾಸ ಎರಡು ಮೂರು ಮಿಲಿಮೀಟರು. ಪ್ರತಿ ಫ್ಲಾಪಿಗೂ ಹೃದಯದಿಂದ ರಕ್ತವನ್ನು ತರುವ ಒಂದು ಧಮನಿ ಬೇಕು, ಅದನ್ನು ಮರಳಿ ಒಯ್ಯುವ ಒಂದು ಸಿರೆಯಾದರೂ ಬೇಕು. ಸಾಮಾನ್ಯವಾಗಿ ನಾವು ಧಮನಿಯನ್ನೇ ಜೀವವೆಂದು ಭಾವಿಸುತ್ತೇವೆ. ರಕ್ತ ಬಂದರೆ ಸಾಕು, ಬದುಕಿತು ಎನ್ನುತ್ತೇವೆ. ಶಸ್ತ್ರವೈದ್ಯರ ಅನುಭವ ಬೇರೆಯದನ್ನು ಹೇಳುತ್ತದೆ. ಕೆಟ್ಟುಹೋದ ಫ್ಲಾಪುಗಳ ಇತಿಹಾಸವನ್ನು ಶೋಧಿಸಿದರೆ ಹೆಚ್ಚಿನವುಗಳಲ್ಲಿ ಹೆಪ್ಪುಗಟ್ಟಿದ್ದು ಸಿರೆಯೇ. ಮಲೆನಾಡಿನ ತೋಟಿಗನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಅಡಕೆ ತೋಟಕ್ಕೆ ನೀರು ತರುವ ಕಾಲುವೆಗಿಂತ ನೀರನ್ನು ಹೊರಗೊಯ್ಯುವ ಬಸಿಗಾಲುವೆಯ ಮೇಲೆ ಅವನ ಕಣ್ಣು ಹೆಚ್ಚು, ಬಸಿಗಾಲುವೆ ಕಟ್ಟಿದ ತೋಟದಲ್ಲಿ ನೀರು ನಿಂತು, ಬೇರು ಕೊಳೆತು, ಹಿಡಿಮುಂಡಿಗೆ ರೋಗ ಹತ್ತಿ, ಮರದ ತಲೆ ಮುರುಟಿಕೊಳ್ಳುವುದನ್ನು ಅವನು ಬಲ್ಲನು. ಸಿರೆ ಮುಚ್ಚಿದ ಫ್ಲಾಪಿನಲ್ಲಿಯೂ ಒಳಬಂದ ರಕ್ತ ಹೊರಹೋಗಲಾರದೆ ತುಂಬಿ, ಊದಿ, ನೀಲಿಗಟ್ಟಿ, ಕೊನೆಗೆ ಧಮನಿಯ ಪ್ರವಾಹವೂ ನಿಂತುಬಿಡುತ್ತದೆ.

ಇಂಥ ಸಿರೆಯನ್ನು ಕೈಯಿಂದ ಹೊಲಿಯುವುದೆಂದರೆ ಏನು? ಅದರ ಗೋಡೆ ಒದ್ದೆಯಾದ ಈರುಳ್ಳಿ ಪೊರೆಗಿಂತ ನಯ. ಕಡಿದೊಡನೆ ಬಾಯಿ ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ, ತಲೆಗೂದಲಿಗಿಂತಲೂ ತೆಳುವಾದ ನೈಲಾನ್ ದಾರದಿಂದ, ಸುತ್ತಲೂ ಎಂಟೋ ಹತ್ತೋ ಹೊಲಿಗೆಗಳನ್ನು ಬಿಡಿಬಿಡಿಯಾಗಿ ಹಾಕಿ ಒಂದೊಂದಕ್ಕೂ ಗಂಟಿಡಬೇಕು. ಸೂಜಿ ಮುಂಬದಿಯ ಗೋಡೆಯ ಜೊತೆಗೆ ಹಿಂಬದಿಯದನ್ನೂ ಹಿಡಿದುಬಿಟ್ಟರೆ ದಾರಿಯೇ ಮುಚ್ಚಿತು. ಹೊಲಿಗೆಯ ಅಂಚು ಒಳಕ್ಕೆ ಮಡಚಿಕೊಂಡರೆ ರಕ್ತ ಅಲ್ಲಿಯೇ ಗರಣೆಗಟ್ಟಲು ತೊಡಗುತ್ತದೆ. ನುರಿತ ಕೈಗೂ ಇದು ಅರ್ಧ ಗಂಟೆಯ ಸಮೀಪದ ಕೆಲಸ. ಅದೂ ಯಾವಾಗ? ಮುಂಜಾನೆ ಆರಂಭವಾದ ಶಸ್ತ್ರಕ್ರಿಯೆಯಲ್ಲಿ ರೋಗವನ್ನು ತೆಗೆದು, ಕೊರಳಿನ ಗ್ರಂಥಿಗಳನ್ನು ಬಿಡಿಸಿ, ಕಾಲಿನಿಂದ ಎಲುಬನ್ನು ಎತ್ತಿ ಆಕಾರಕ್ಕೆ ತಂದು, ಕಣ್ಣೂ ಬೆರಳೂ ದಣಿದಿರುವ ಸಂಜೆಯಲ್ಲಿ. ಅತ್ತ ಮೂಲದಿಂದ ಕಡಿದ ಗಳಿಗೆಯಿಂದ ಫ್ಲಾಪಿಗೆ ರಕ್ತವಿಲ್ಲ. ಒಂದೊಂದು ನಿಮಿಷವೂ ಅದರ ಆಯುಷ್ಯದ ಲೆಕ್ಕಕ್ಕೆ ಸೇರುತ್ತದೆ.

ರಕ್ತನಾಳವನ್ನು ಹೊಲಿಯುವ ಶಾಸ್ತ್ರಕ್ಕೆ ಅಡಿಗಲ್ಲು ಹಾಕಿದವನು ಫ್ರಾನ್ಸಿನ ಅಲೆಕ್ಸಿಸ್ ಕರೆಲ್. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಚೂರಿಯ ಇರಿತದಿಂದ ದೊಡ್ಡ ಸಿರೆಯೊಂದು ಹರಿದು ಮರಣಹೊಂದಿದಾಗ, ಅದನ್ನು ಹೊಲಿಯಬಲ್ಲ ವೈದ್ಯನೊಬ್ಬನೂ ಇಲ್ಲವಾಯಿತೆಂಬ ಸಂಕಟ ಆ ತರುಣನನ್ನು ಕಾಡಿತು. ಲಿಯಾನ್ ಪಟ್ಟಣದ ಕಸೂತಿಗಾರ್ತಿ ಮದಾಂ ಲರೂದಿಯೇರ್ ಎಂಬಾಕೆಯಿಂದ ಅವನು ಸೂಕ್ಷ್ಮ ಹೊಲಿಗೆಯನ್ನು ಕಲಿತನು. 1902ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. 1912ರಲ್ಲಿ ನೊಬೆಲ್ ಬಹುಮಾನ ಪಡೆದನು. ಒಬ್ಬ ಕಸೂತಿಗಾರ್ತಿಯ ಬೆರಳುಗಳ ವಿದ್ಯೆ ಇಡೀ ಜಗತ್ತಿನ ಶಸ್ತ್ರವೈದ್ಯಕ್ಕೆ ಬೆಳಕಾದ ಈ ಪ್ರಸಂಗವನ್ನು ನಾನು ಎಷ್ಟು ಬಾರಿ ನೆನೆದರೂ ತೃಪ್ತಿಯಾಗದು. 1960ರಲ್ಲಿ ಅಮೆರಿಕದ ಬರ್ಲಿಂಗ್ಟನ್ನಿನಲ್ಲಿ ಜೇಕಬ್ಸನ್ ಮತ್ತು ಸ್ವಾರೆಜ್ ಸೂಕ್ಷ್ಮದರ್ಶಕದಡಿ ಒಂದೆರಡು ಮಿಲಿಮೀಟರಿನ ನಾಳಗಳನ್ನು ಹೊಲಿದು ತೋರಿಸಿದ ಮೇಲೆ ಸೂಕ್ಷ್ಮಶಸ್ತ್ರಕ್ರಿಯೆ ಎಂಬ ಶಾಖೆಯೇ ಹುಟ್ಟಿಕೊಂಡಿತು.

ಹೊಲಿಯದೆ ಕೂಡಿಸಬಹುದೆ ಎಂಬ ಯೋಚನೆಯೂ ಅಷ್ಟೇ ಹಳೆಯದು. ಎರ್ವಿನ್ ಪೈಯರ್ ಎಂಬ ವೈದ್ಯನು 1900ರಲ್ಲಿಯೇ, ದೇಹದೊಳಗೆ ಕಾಲಕ್ರಮದಲ್ಲಿ ಕರಗಿಹೋಗುವ ಮೆಗ್ನೀಷಿಯಮ್ ಉಂಗುರವನ್ನು ಇದಕ್ಕಾಗಿ ಬಳಸಿ ನೋಡಿದ್ದನು. 1962ರಲ್ಲಿ ಜಪಾನಿನ ನಾಕಾಯಾಮಾ, ಮೊಳೆಗಳುಳ್ಳ ಎರಡು ಲೋಹದ ಉಂಗುರಗಳನ್ನು ಒಂದಕ್ಕೊಂದು ಸೇರಿಸುವ ಉಪಾಯವನ್ನು ರೂಪಿಸಿದರು. ಅದೇ ಉಪಾಯವನ್ನು ಪರಿಷ್ಕರಿಸಿ ಸ್ವೀಡನ್ನಿನ ಓಸ್ಟ್ರುಪ್ ಮತ್ತು ಬೆರ್ಗ್ರೆನ್ 1986ರಲ್ಲಿ ಹೊರತಂದ ‘ಯೂನಿಲಿಂಕ್’ ಎಂಬುದೇ ಇಂದು ಶಸ್ತ್ರಗೃಹಗಳಲ್ಲಿ ‘ಕಪ್ಲರ್’ ಎಂದು ಕರೆಸಿಕೊಳ್ಳುವ ಸಾಧನದ ಮೂಲ.

ಇದರ ರಚನೆಯನ್ನು ಸ್ವಲ್ಪ ಸಮೀಪದಿಂದ ನೋಡೋಣ. ಗಟ್ಟಿಯಾದ ಪಾಲಿಥಿನ್ನಿನ ಎರಡು ಪುಟ್ಟ ಉಂಗುರಗಳು. ಒಂದೊಂದರ ಮುಖದ ಮೇಲೂ ತುಕ್ಕುಹಿಡಿಯದ ಉಕ್ಕಿನ ಆರು ಮೊಳೆಗಳು, ಮೊಳೆಮೊಳೆಗಳ ನಡುವೆ ಒಂದೊಂದು ರಂಧ್ರ. ಒಳವ್ಯಾಸ ಒಂದು ಮಿಲಿಮೀಟರಿನಿಂದ ನಾಲ್ಕರವರೆಗೆ, ಅರ್ಧರ್ಧ ಮಿಲಿಮೀಟರಿನ ಏರಿಕೆಯಲ್ಲಿ. ವೈದ್ಯರು ಮೊದಲು ಸಿರೆಯ ತುದಿಯ ಹೊರಪೊರೆಯನ್ನು ಬಿಡಿಸಿ ಶುಚಿಗೊಳಿಸಿ, ಅಳತೆಯ ಕಡ್ಡಿಯಿಂದ ಅದರ ಗಾತ್ರವನ್ನು ನಿಶ್ಚಯಿಸುತ್ತಾರೆ. ಬಳಿಕ ಫ್ಲಾಪಿನ ಸಿರೆಯ ತುದಿಯನ್ನು ಒಂದು ಉಂಗುರದೊಳಗಿಂದ ಈಚೆಗೆ ತಂದು, ಅದರ ಅಂಚನ್ನು ಅಂಗಿಯ ತೋಳು ಮಡಿಸಿದಂತೆ ಹೊರಕ್ಕೆ ಹೊರಳಿಸಿ, ಚಿಮುಟದಿಂದ ಒಂದೊಂದೇ ಮೊಳೆಗೆ ಸಿಕ್ಕಿಸುತ್ತಾರೆ. ಮೊದಲು ಎದುರುಬದುರಿನ ಮೊಳೆಗಳಿಗೆ, ತರುವಾಯ ನಡುವಿನವಕ್ಕೆ, ಎಲ್ಲಿಯೂ ಸುಕ್ಕು ಬೀಳದಂತೆ. ಕೊರಳಿನ ಸಿರೆಯನ್ನೂ ಇನ್ನೊಂದು ಉಂಗುರಕ್ಕೆ ಹೀಗೆಯೇ ತೊಡಿಸುತ್ತಾರೆ. ಆಮೇಲೆ ಉಂಗುರಗಳನ್ನು ಹೊತ್ತಿರುವ ಹಿಡಿಯ ತಿರುಗುಗುಬುಟನ್ನು ಮೆಲ್ಲನೆ ತಿರುಗಿಸಿದರೆ ಎರಡು ಉಂಗುರಗಳೂ ಮುಖಾಮುಖಿಯಾಗಿ ಸಮೀಪಿಸಿ, ಒಂದರ ಮೊಳೆಗಳು ಇನ್ನೊಂದರ ರಂಧ್ರಗಳಲ್ಲಿ ನಾಟಿಕೊಳ್ಳುತ್ತವೆ. ಇಕ್ಕುಳದಿಂದ ಒಮ್ಮೆ ಒತ್ತಿ ಭದ್ರಪಡಿಸಿ, ಹಿಡಿಯನ್ನು ಕಳಚುತ್ತಾರೆ. ಸುಸೂತ್ರವಾದರೆ ಎಲ್ಲ ಸೇರಿ ಐದಾರು ನಿಮಿಷ. ಉಂಗುರ ಶರೀರದಲ್ಲಿಯೇ ಶಾಶ್ವತವಾಗಿ ಉಳಿಯುತ್ತದೆ.

ಸಮಯದ ಉಳಿತಾಯಕ್ಕಿಂತ ದೊಡ್ಡ ಲಾಭ ಇನ್ನೊಂದುಂಟು. ಅಂಚುಗಳು ಹೊರಕ್ಕೆ ಹೊರಳಿರುವುದರಿಂದ ಸಿರೆಯ ಒಳಪದರಕ್ಕೆ ಒಳಪದರವೇ ತಗಲುತ್ತದೆ. ದಾರವಾಗಲಿ ಮೊಳೆಯಾಗಲಿ ರಕ್ತದ ಹಾದಿಯಲ್ಲಿ ತಲೆಯೆತ್ತುವುದಿಲ್ಲ. ಅದಕ್ಕೂ ಮಿಗಿಲಾಗಿ, ಕುಸಿಯುವುದೇ ಸ್ವಭಾವವಾದ ಸಿರೆಯ ಬಾಯಿಯನ್ನು ಉಂಗುರವು ದುಂಡಾಗಿ ತೆರೆದು ಹಿಡಿದಿರುತ್ತದೆ. ಕೊರಳಿನಂಥ ಸ್ಥಳದಲ್ಲಿ, ರೋಗಿ ತಲೆ ಹೊರಳಿಸಿದಾಗ, ಬಾವು ಬಂದು ಒತ್ತಿದಾಗ, ಈ ಗುಣದ ಬೆಲೆ ಗೊತ್ತಾಗುತ್ತದೆ. ಫ್ಲಾಪಿನ ಸಿರೆ ಸಣ್ಣದು, ಕೊರಳಿನದು ಅದಕ್ಕಿಂತ ಅಗಲ ಎಂಬ ಅಳತೆಯ ವ್ಯತ್ಯಾಸವನ್ನು ಒಂದು ಮಿತಿಯವರೆಗೆ ಅದು ಸಹಿಸುತ್ತದೆ. ಕೊರಳಿನ ದೊಡ್ಡ ಸಿರೆಯ ಪಕ್ಕದಲ್ಲಿ ಕಿಂಡಿ ತೆಗೆದು ಅಲ್ಲಿಗೇ ಕೂಡಿಸಲೂ ಬರುತ್ತದೆ.

ಹಾಗಾದರೆ ಧಮನಿಗೂ ಇದನ್ನೇ ಏಕೆ ತೊಡಿಸಬಾರದು? ಕೆಲವರು ತೊಡಿಸುವುದುಂಟು, ಬಹುಮಂದಿ ತೊಡಿಸುವುದಿಲ್ಲ. ಧಮನಿಯ ಗೋಡೆ ದಪ್ಪ, ಬಿರುಸು. ಹೊರಳಿಸಹೋದರೆ ಮೊಳೆಗಳಿಂದ ಜಾರುತ್ತದೆ, ಇಲ್ಲವೆ ಹರಿಯುತ್ತದೆ. ಹೊಗೆಸೊಪ್ಪಿನ ಅಭ್ಯಾಸದಿಂದಲೋ ವಯಸ್ಸಿನಿಂದಲೋ ಗಡುಸಾದ, ವಿಕಿರಣ ಚಿಕಿತ್ಸೆಯಿಂದ ಹುರಿದಂತಾದ ಧಮನಿಗಳಲ್ಲಂತೂ ಒಳಪದರ ಸುಲಿದು ಬರುವ ಭಯವಿದೆ. ಆದ್ದರಿಂದ ಮುಖದ ಧಮನಿಗೋ ಥೈರಾಯ್ಡಿನ ಮೇಲ್ಧಮನಿಗೋ ಫ್ಲಾಪಿನ ಧಮನಿಯನ್ನು ಕೂಡಿಸುವ ಕಾರ್ಯ ಇಂದಿಗೂ ಸೂಜಿದಾರದ್ದೇ. ಉಂಗುರ ಬಂದಿತೆಂದು ಹೊಲಿಗೆಯ ವಿದ್ಯೆಯನ್ನು ಮರೆತವನು ಸೂಕ್ಷ್ಮಶಸ್ತ್ರವೈದ್ಯನಾಗಲಾರನು. ಉಂಗುರ ಕೈಕೊಟ್ಟ ದಿನ ಸಿರೆಯನ್ನೂ ಅವನು ಹೊಲಿದೇ ತೀರಬೇಕು. ಒಮ್ಮೆ ಬಳಸಿ ಬಿಡತಕ್ಕ ಈ ಸಾಧನ ಅಗ್ಗವೂ ಅಲ್ಲ. ಅದಿಲ್ಲದೆಯೇ ಉತ್ತಮವಾಗಿ ಹೊಲಿಯುವ ವೈದ್ಯರ ಫ್ಲಾಪುಗಳು ನೂರಕ್ಕೆ ತೊಂಬತ್ತೈದರಷ್ಟು ಬದುಕುತ್ತವೆಂಬುದನ್ನು ಬಡರೋಗಿಯ ಕುಟುಂಬ ತಿಳಿದಿರಬೇಕು. ಉಂಗುರ ಸಿಗಲಿಲ್ಲವೆಂದು ಎದೆಗುಂದಬೇಕಾಗಿಲ್ಲ.

ಶಸ್ತ್ರಕ್ರಿಯೆ ಮುಗಿದ ಮೇಲೆ ಮೊದಲ ಮೂರು ದಿನಗಳು ಕಾವಲಿನ ದಿನಗಳು, ಏಕೆಂದರೆ ಹೆಪ್ಪುಗಟ್ಟುವುದಿದ್ದರೆ ಬಹುಮಟ್ಟಿಗೆ ಆ ಅವಧಿಯಲ್ಲಿಯೇ. ರಾತ್ರಿ ಎರಡು ಗಂಟೆಯಲ್ಲಿ ದಾದಿಯು ಟಾರ್ಚು ಹಿಡಿದು ರೋಗಿಯ ಬಾಯೊಳಗಿನ ಹೊಸ ಚರ್ಮವನ್ನು ನೋಡುತ್ತಾಳೆ, ಬೆರಳಿನಿಂದ ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ಮರಳುವುದೆಂದು ಗಮನಿಸುತ್ತಾಳೆ. ಸಂಶಯ ಬಂದರೆ ವೈದ್ಯರು ಸಣ್ಣ ಸೂಜಿಯಿಂದ ಚುಚ್ಚುತ್ತಾರೆ: ತುಸು ತಡೆದು ಕೆಂಪಾದ ಹನಿಯೊಂದು ಮೂಡಿದರೆ ಕ್ಷೇಮ, ಬಿಳಿಚಿದ ಚರ್ಮದಿಂದ ಏನೂ ಬಾರದಿದ್ದರೆ ಧಮನಿ ಕಟ್ಟಿದೆ, ಚುಚ್ಚಿದೊಡನೆ ಕಪ್ಪಾದ ರಕ್ತ ಉಕ್ಕಿದರೆ ಸಿರೆ ಕಟ್ಟಿದೆ. ಆಗ ಬೆಳಗಾಗಲೆಂದು ಕಾಯುವಂತಿಲ್ಲ. ಒಡನೆಯೇ ಮತ್ತೆ ಶಸ್ತ್ರಗೃಹಕ್ಕೊಯ್ದು ಹೆಪ್ಪನ್ನು ತೆಗೆದರೆ ಫ್ಲಾಪು ಉಳಿಯುವ ಸಂಭವವುಂಟು. ಬಾಯೊಳಗೆ ಹೂತ, ಕಣ್ಣಿಗೆ ಕಾಣದ ಫ್ಲಾಪುಗಳಿಗಾಗಿ, ಉಂಗುರಕ್ಕೇ ಒಂದು ಸೂಕ್ಷ್ಮ ಡಾಪ್ಲರ್ ತಂತಿಯನ್ನು ಜೋಡಿಸಿ ಸಿರೆಯೊಳಗಿನ ಪ್ರವಾಹದ ಸದ್ದನ್ನು ಹೊರಗೆ ಕೇಳಿಸುವ ಬಗೆಯೂ ಬಂದಿದೆ. ಕೆಲವು ದಿನಗಳ ಬಳಿಕ ತಂತಿಯನ್ನು ಎಳೆದು ತೆಗೆಯುತ್ತಾರೆ. ಸಿರೆಯನ್ನು ಮತ್ತೆ ತೆರೆಯಲು ಸಾಧ್ಯವೇ ಆಗದ ಪಕ್ಷದಲ್ಲಿ ವೈದ್ಯರು ಜಿಗಣೆಯ ಮೊರೆಹೋಗುತ್ತಾರೆಂದರೆ ಮಲೆನಾಡಿಗರಿಗೆ ವಿಸ್ಮಯವಾದೀತು. ಮಳೆಗಾಲದ ಕಾಡುದಾರಿಯಲ್ಲಿ ಉಂಬಳ ಕಚ್ಚಿ ಬಿಟ್ಟ ಮೇಲೂ ರಕ್ತ ಬಹು ಹೊತ್ತು ಸೋರುತ್ತಿರುವುದನ್ನು ನಾವೆಲ್ಲ ಕಂಡವರು. ಅದರ ದಾಯಾದಿಯಾದ ನೀರಿನ ಜಿಗಣೆಯ ಜೊಲ್ಲಿನಲ್ಲಿಯೂ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವಿದೆ. ತುಂಬಿ ನಿಂತ ರಕ್ತವನ್ನು ಅದು ಹೀರಿ ಸೋರಿಸುತ್ತ, ಹೊಸ ಸಣ್ಣ ಸಿರೆಗಳು ತಾವಾಗಿ ಬೆಳೆಯುವವರೆಗೆ ಫ್ಲಾಪನ್ನು ಕಾಯುತ್ತದೆ. ಸುಶ್ರುತನು ವರ್ಣಿಸಿದ ಈ ಜಲೌಕಗಳಿಗೆ ಅಮೆರಿಕದ ಔಷಧ ಆಡಳಿತವು 2004ರಲ್ಲಿ ಚಿಕಿತ್ಸಾ ಸಾಧನವೆಂದು ಮಾನ್ಯತೆ ಕೊಟ್ಟಿತು.

ಮಲೆನಾಡಿನ ರೋಗಿಗೆ ಇದೆಲ್ಲ ದೊರೆಯುವುದು ಊರಿನ ತಾಲೂಕು ಆಸ್ಪತ್ರೆಯಲ್ಲಲ್ಲ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು, ಹೊಸನಗರದವರು ಹುಲಿಕಲ್ ಘಾಟಿ ಇಳಿದು, 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮಣಿಪಾಲಕ್ಕೆ ಹೋಗುತ್ತಾರೆ. ಸಾಗರದಿಂದ ರೈಲು ಹತ್ತಿದವರು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ಸೇರುತ್ತಾರೆ. ದೂರವು ದೊಡ್ಡ ಅಡ್ಡಿಯೇ. ಅದಕ್ಕಿಂತ ದೊಡ್ಡ ಅಡ್ಡಿ ವಿಳಂಬ. ಬಾಯೊಳಗೆ ನೋವಿಲ್ಲದ ಹುಣ್ಣು ಬಂದಾಗ ಹಲ್ಲು ತಾಗಿದ್ದಿರಬೇಕೆಂದೂ, ಸುಣ್ಣ ಸುಟ್ಟಿದ್ದಿರಬೇಕೆಂದೂ, ಕೊಯ್ಲು ಮುಗಿಯಲಿ ಎಂದೂ, ಮಗಳ ಮದುವೆ ಕಳೆಯಲಿ ಎಂದೂ ತಿಂಗಳುಗಳನ್ನು ನೂಕಿದವರಿಗೆ, ಕೊನೆಗೆ ದವಡೆಯನ್ನೇ ಕಳೆದುಕೊಂಡು ಕಾಲಿನ ಎಲುಬನ್ನು ಬಾಯಿಗೆ ಕೊಡುವ ಕಾಲ ಬರುತ್ತದೆ. ಎರಡು ಸೆಂಟಿಮೀಟರಿನ ಹುಣ್ಣಿಗೆ ಬಹುಶಃ ಉಂಗುರವೂ ಬೇಕಿಲ್ಲ, ಫ್ಲಾಪೂ ಬೇಕಿಲ್ಲ.

ಆದಕಾರಣ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಮನೆಯಲ್ಲಿ ಕವಳ ಹಾಕುವವರಿದ್ದರೆ, ಗುಟ್ಕಾ ಮೆಲ್ಲುವವರಿದ್ದರೆ, ತಿಂಗಳಿಗೊಮ್ಮೆ ಬೆಳಕಿನಲ್ಲಿ ಅವರ ಬಾಯನ್ನು ನೋಡಿ. ತಮ್ಮವೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಲು ಅವರಿಗಾಗದಿದ್ದರೆ, ಕೆನ್ನೆಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ, ಮೂರು ವಾರಗಳಲ್ಲಿ ಮಾಯದ ಹುಣ್ಣಿದ್ದರೆ, ಅಡಕೆಯ ಧಾರಣೆ ಏರಲಿ ಇಳಿಯಲಿ, ಆ ವಾರವೇ ಅವರನ್ನು ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿ.